ಗುರುಪ್ರಕಾಶನ ನಕ್ಷೆಯಲ್ಲಿ ಯಾರ ಮನೆ ಎಲ್ಲಿ

ಮೌನ ಎಂಬ ಮಾತನ್ನು ನಕ್ಷೆಯ ನಡುವಿನ ಸುತ್ತಿನ ಒಳಗೆ ಬರೆಯಬೇಕೋ ಹೊರಗೆ ಬರೆಯಬೇಕೋ? ಒಳಗೆ ಬರೆದರೆ ಅದೂ ಒಂದು ಮಾತಾಯಿತು. ಮೌನ ಎಲ್ಲಿ ಉಳಿಯಿತು? ಹೊರಗೆ ಬರೆದರೆ ಸುತ್ತಿನೊಳಗೆ ಏನಿದೆ ಎಂದು ಮಹಾಂತೇಶ್ ಮೇಷ್ಟ್ರು ಕೇಳದೆ ಬಿಡುವುದಿಲ್ಲ. ಏನೂ ಬರೆಯದೆ ಬಿಟ್ಟರೆ ಅದನ್ನು ಮೌನ ಎಂದುಕೊಳ್ಳುತ್ತಾರೋ, ಮರೆವು ಎಂದುಕೊಳ್ಳುತ್ತಾರೋ?

ಮತ್ತಿಕೊಪ್ಪದ ಪರಮಶಿವಪ್ಪನವರ ಮಗ ಗುರುಪ್ರಕಾಶ ಪೆನ್ನು ಎತ್ತಿಕೊಂಡು ಹೀಗೇ ಕೂತಿದ್ದ. ಎದುರಿಗಿದ್ದ ಕಾಫಿ ಆರಿತು, ಕೆನೆಗಟ್ಟಿತು, ಆ ಕೆನೆಯ ಮೇಲೆ ಒಂದು ನೊಣ ಕೂತು ತನ್ನ ಯೋಚನೆ ಮುಗಿಸಿ ಹಾರಿಯೂ ಹೋಯಿತು. ಆಮೇಲೆ ಗುರುಪ್ರಕಾಶ ತೀರ್ಮಾನಕ್ಕೆ ಬಂದ. ನಡುವಿನ ಸುತ್ತು ಖಾಲಿ ಇರಲಿ.

ಇದು ಅಂಥ ದೊಡ್ಡ ತೀರ್ಮಾನ ಎಂದು ಅವನಿಗೆ ಅನ್ನಿಸಲಿಲ್ಲ. ಊರಿಗೆ ಅನ್ನಿಸಿತು.

ಗುರುಪ್ರಕಾಶ ಶಿವಮೊಗ್ಗದಲ್ಲಿ ಬಿ.ಎ. ಮುಗಿಸಿ ಬಂದವನು. ಯಾವ ಮಾತನ್ನೂ ತೂಗದೆ ಆಡುವವನಲ್ಲ. ತೂಗಿ ಮುಗಿಯುವ ಹೊತ್ತಿಗೆ ಕೇಳಿದವರು ಎದ್ದು ಹೋಗಿರುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗೆ?" ಎಂದು ಕೇಳಿದಾಗ, ಮನುಷ್ಯ ನಿಜವಾಗಿ ಎಲ್ಲಿಗೆ ಹೋಗುತ್ತಾನೆ ಎಂದು ಇವನು ಯೋಚಿಸುತ್ತ ಕೂತದ್ದರಿಂದ, ಶಿರಾಳಕೊಪ್ಪದಲ್ಲಿ ಇಳಿಯಬೇಕಾದವನು ಶಿಕಾರಿಪುರದ ಟಿಕೆಟ್ ಹರಿಸಿಕೊಂಡು, ಹರಿಸಿದ್ದಕ್ಕೆ ಶಿಕಾರಿಪುರವನ್ನೂ ನೋಡಿಕೊಂಡು ಬಂದಿದ್ದ.

ಅವನ ತಂದೆ ಪರಮಶಿವಪ್ಪನವರಿಗೆ ಶಿರಾಳಕೊಪ್ಪದಲ್ಲಿ ಬೆಲ್ಲ, ಮೆಣಸಿನಕಾಯಿಯ ಮಂಡಿ ಇತ್ತು. ಮಗನನ್ನು ಒಂದು ವಾರ ಅಲ್ಲಿ ಕೂರಿಸಿ ನೋಡಿದ್ದರು. ಮೆಣಸಿನಕಾಯಿ ಚೀಲಗಳ ನಡುವೆ ಅವನಿಗೆ ಒಂದು ವಾಕ್ಯಕ್ಕೆ ನಾಲ್ಕು ಸೀನು ಬರುತ್ತಿತ್ತು. ಬೆಲ್ಲದ ಭಾವ ಕೇಳಿದ ಗಿರಾಕಿಗೆ ಅವನು ಸಿಹಿಯ ಬಗ್ಗೆ ಉತ್ತರ ಹುಡುಕುತ್ತಿದ್ದ. ಕೊನೆಗೆ ಪರಮಶಿವಪ್ಪನವರು ಊಟಕ್ಕೆ ಕೂತಾಗ ಒಂದು ಮಾತು ಹೇಳಿ ಕೈ ತೊಳೆದಿದ್ದರು.

"ನೋಡಪಾ, ನೀನು ಬರೆಯೋನು ಅಂತ ತಿಳಿದೋರು ಯಾರಾದ್ರೂ ಒಬ್ರು ಹೇಳಿದ್ರೆ ಬರಿ, ನಾನು ಅಡ್ಡ ಬರಲ್ಲ. ಯಾರೂ ಹೇಳದಿದ್ರೆ ಕಾರ್ತಿಕ ಕಳೆದ ಮೇಲೆ ಬಂದು ಮಂಡಿ ಗಾದಿ ಮೇಲೆ ಕೂರು."

ಆ ತಿಳಿದವರೊಬ್ಬರು ಶಿಕಾರಿಪುರಕ್ಕೆ ಬಂದಿದ್ದರು. ಅದು ತೊಂಬತ್ತಮೂರನೇ ಇಸವಿ. ಸಾಕ್ಷರತೆಯ ಗಾಳಿ ಬೀಸುತ್ತಿದ್ದ ಕಾಲ. ಊರೂರಲ್ಲಿ ಅಜ್ಜಿಯರು ಸ್ಲೇಟು ಹಿಡಿದಿದ್ದರು. ಹೊಸದಾಗಿ ಅಕ್ಷರ ಕಲಿತವರಿಗೆ ಓದಲು ಸಣ್ಣ ಪುಸ್ತಕಗಳು ಬೇಕಾಗಿದ್ದವು. ಬರೆಯುವವರನ್ನು ಆರಿಸಲು ಶಿಕಾರಿಪುರದ ಒಂದು ಕಲ್ಯಾಣ ಮಂಟಪದಲ್ಲಿ ಶಿಬಿರ ಏರ್ಪಾಡಾಗಿತ್ತು. ಅದನ್ನು ನಡೆಸಲು ಬಂದವರು ಮಹಾಂತೇಶ್ ಮೇಷ್ಟ್ರು. ಮೊದಲ ದಿನವೇ ಅವರು ಒಂದು ಕೆಲಸ ಕೊಟ್ಟು ಕಳಿಸಿದ್ದರು. ಪುಸ್ತಕದಿಂದ ಸಿದ್ಧಾಂತ ಎತ್ತಿಕೊಂಡು ಬರಬೇಡಿ. ನಿಮಗೆ ಮಾತು ಎಲ್ಲೆಲ್ಲಿಂದ ಬಂತು ಅನ್ನುವುದನ್ನು ಒಂದೊಂದು ಸುತ್ತಿನೊಳಗೆ ಬರೆಯಿರಿ. ಸುತ್ತಿನಿಂದ ಸುತ್ತಿಗೆ ಗೆರೆ ಎಳೆಯಿರಿ. ಗೆರೆಯ ಮೇಲೆ ಅವೆರಡರ ಸಂಬಂಧ ಬರೆಯಿರಿ. ಇದಕ್ಕೆ ಪರಿಕಲ್ಪನಾ ನಕ್ಷೆ ಎಂದು ಹೆಸರು. ಬರೆಯುವುದು ಎಂದರೆ ಏನು ಎಂಬ ನಿಮ್ಮದೇ ಸಿದ್ಧಾಂತ ಅದರಲ್ಲಿ ತಾನಾಗಿ ಮೂಡುತ್ತದೆ. ಮುಂದಿನ ಸೋಮವಾರ ತನ್ನಿ.

ಉಳಿದ ಶಿಬಿರಾರ್ಥಿಗಳು ಪ್ರತಿಭೆ, ಸ್ಫೂರ್ತಿ, ಸಮಾಜ ಎಂದು ಅಲ್ಲೇ ಮೂರು ಸುತ್ತು ಎಳೆದು, ಗೆರೆ ಸೇರಿಸಿ, ತ್ರಿಕೋನ ಮಾಡಿ, ಮಧ್ಯಾಹ್ನದ ಚಿತ್ರಾನ್ನಕ್ಕೆ ಎದ್ದರು. ಗುರುಪ್ರಕಾಶ ಮನೆಗೆ ಬಂದು ನಿಜವಾಗಿಯೂ ಯೋಚಿಸಿದ. ಜಗತ್ತಿನ ಅನೇಕ ಅನಾಹುತಗಳು ಹೀಗೆಯೇ ಶುರುವಾಗಿವೆ.

ತನಗೆ ಮಾತು ಎಲ್ಲಿಂದ ಬಂತು? ಯೋಚಿಸಿ ನೋಡಿದರೆ ತನ್ನ ಬೀದಿಯಿಂದಲೇ ಬಂದಿತ್ತು. ಪಕ್ಕದ ಮನೆಯ ತುಂಗಮ್ಮ ಕಥೆ ಹೇಳಿದರೆ ಕಥೆ ಮುಗಿಯುವ ಜಾಗಕ್ಕೆ ಬಂದು ನಿಲ್ಲಿಸಿ, ಎಮ್ಮೆ ಕಟ್ಟಬೇಕು ಎಂದು ಎದ್ದು ಹೋಗುವವಳು. ಚಿಕ್ಕಂದಿನಲ್ಲಿ ಅವಳ ಕಥೆಗಳನ್ನೆಲ್ಲ ಗುರುಪ್ರಕಾಶ ಹಾಸಿಗೆಯಲ್ಲಿ ತಾನೇ ಮುಗಿಸಿಕೊಂಡಿದ್ದ. ಅವಳಿಗೆ ಎಲ್ಲರಿಗಿಂತ ದೊಡ್ಡ ಸುತ್ತು ಬಂತು. ಅವಳ ಆಚೆ ಮನೆಯ ಹಾಲಮ್ಮ ಬೈಯಲು ನಿಂತರೆ ಒಂದೇ ಉಸಿರಿನಲ್ಲಿ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುವಳು, ಬೈದ ಮಾತನ್ನು ಮತ್ತೆ ಬೈಯುವವಳಲ್ಲ. ತುಂಗಮ್ಮನಿಗೂ ಹಾಲಮ್ಮನಿಗೂ ಗೆರೆ ಎಳೆದು ಮೇಲೆ 'ಉಸಿರು' ಎಂದು ಬರೆದ. ಹಿಟ್ಟಿನ ಗಿರಣಿಯ ವೀರಬಸಪ್ಪ ಸುಳ್ಳು ಹೇಳುತ್ತಿರಲಿಲ್ಲ. ನಿಜವನ್ನೇ ಹತ್ತು ಪಟ್ಟು ಹೇಳುತ್ತಿದ್ದ. ಅವನು ಮೂಲೆಯ ಸುತ್ತು. ಸೊಸೈಟಿ ಅಧ್ಯಕ್ಷರಾದ ಗುರುಮಲ್ಲಪ್ಪನವರು ಎಲ್ಲದಕ್ಕೂ "ಹೂಂ" ಎನ್ನುವವರು. ಆ ಹೂಂ ಹೌದೋ ಅಲ್ಲವೋ ಎಂದು ತಿಳಿಯದೆ ಎಷ್ಟೋ ಜನ ಅರ್ಜಿ ಹಿಡಿದುಕೊಂಡೇ ಮುದುಕರಾಗಿದ್ದರು. ಅವರನ್ನು ಖಾಲಿ ಸುತ್ತಿನ ಪಕ್ಕದಲ್ಲೇ ಇಟ್ಟ.

ಹಾಳೆ ಸಾಲಲಿಲ್ಲ. ಮಂಡಿಯ ಹಳೆಯ ಕ್ಯಾಲೆಂಡರುಗಳ ಬೆನ್ನು ಬಿಳಿಯಾಗಿತ್ತು. ಅವನ್ನು ಮೈದಾ ಅಂಟಿನಿಂದ ಕೂಡಿಸಿ ದುಪ್ಪಟಿಯಷ್ಟು ಅಗಲ ಮಾಡಿಕೊಂಡಿದ್ದ. ಬರೆದು ಮುಗಿದರೂ ಅಂಟು ಹಸಿ. ತಾಯಿ ರಾಜೇಶ್ವರಮ್ಮ ಅದನ್ನು ನೋಡಿ, ಇರುವೆ ಮುತ್ತುತ್ತವೆ ಎಂದು ಜಗಲಿಯ ಬಿಸಿಲಿಗೆ ತಂದು, ಸಂಡಿಗೆಯ ಪಕ್ಕ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಿದರು.

ಇಲ್ಲಿ ಮತ್ತಿಕೊಪ್ಪದ ಒಂದು ಪದ್ಧತಿಯನ್ನು ಹೇಳಬೇಕು. ಅಲ್ಲಿ ಯಾವ ಚುನಾವಣೆ ಬಂದರೂ, ಹಾಲಿನ ಡೇರಿಯದಿರಲಿ ಸೊಸೈಟಿಯದಿರಲಿ, ಮೊದಲು ಆಗುವ ಕೆಲಸ 'ಮನೆ ಹಿಡಿಯೋದು'. ವೀರಬಸಪ್ಪನ ಗಿರಣಿಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಒಂದೊಂದು ಮನೆಗೆ ಒಂದೊಂದು ಸುತ್ತು. ಬೀಗತನ ಇದ್ದರೆ ಒಂದು ಗೆರೆ. ಎತ್ತು ಕೊಟ್ಟು ತಗೊಳ್ಳುವ ಬಳಕೆ ಇದ್ದರೆ ಇನ್ನೊಂದು ಗೆರೆ. ಯಾವ ಮನೆಗೆ ಗೆರೆ ಹೆಚ್ಚೋ ಆ ಮನೆಯನ್ನು ಮೊದಲು ಹಿಡಿಯಬೇಕು. ಅದನ್ನು ಹಿಡಿದರೆ ಅದರ ಬಾಲಕ್ಕೆ ಕಟ್ಟಿದ ಮನೆಗಳೆಲ್ಲ ತಾವಾಗಿ ಬರುತ್ತವೆ. ನಡುವಿನ ಸುತ್ತು ನಿಲ್ಲುವವನದು. ಮಹಾಂತೇಶ್ ಮೇಷ್ಟ್ರು ಎಲ್ಲಿಂದಲೋ ಕಲಿತು ತಂದ ಹೊಸ ವಿದ್ಯೆಯನ್ನು ಮತ್ತಿಕೊಪ್ಪದವರು ಮೂರು ತಲೆಮಾರಿನಿಂದ ಗಿರಣಿ ಗೋಡೆಯ ಮೇಲೆ ಮಾಡಿಕೊಂಡು ಬಂದಿದ್ದರು. ಇದು ಗೊತ್ತಿಲ್ಲದವನು ಊರಿನಲ್ಲಿ ಗುರುಪ್ರಕಾಶ ಒಬ್ಬನೇ. ಗಿರಣಿಗೆ ಹೋದಾಗಲೆಲ್ಲ ಅವನು ಗೋಡೆಯ ಮುಂದೆ ನಿಂತು ಒಳಗಿನ ಸದ್ದು ಕೇಳುತ್ತಿದ್ದ.

ಆ ತಿಂಗಳು ಗ್ರಾಮ ಪಂಚಾಯಿತಿ ಚುನಾವಣೆ ಬಂದಿತ್ತು. ಆ ಬೀದಿಯ ಸೀಟಿಗೆ ವೀರಬಸಪ್ಪ ಒಂದು ಕಡೆ, ಗುರುಮಲ್ಲಪ್ಪನವರು ಇನ್ನೊಂದು ಕಡೆ; ನಾಮಪತ್ರ ಹಾಕುವುದಷ್ಟೇ ಬಾಕಿ.

ಮಧ್ಯಾಹ್ನ ತುಂಗಮ್ಮ ಉಪ್ಪು ಕೇಳಲು ಬಂದಳು. ಅವಳು ಅಕ್ಷರ ಕಲಿಕೆಯ ತರಗತಿಗೆ ಮಳೆಗಾಲದಿಂದ ಹೋಗುತ್ತಿದ್ದಳು. ಇನ್ನೂ ಪುಸ್ತಕ ಹಿಡಿದಿರಲಿಲ್ಲ, ಹೆಸರು ಬರೆಯುವಷ್ಟಕ್ಕೆ ಬಂದಿತ್ತು. ಜಗಲಿಯ ಮೇಲೆ ಹಾಸಿದ್ದರಲ್ಲಿ ದೊಡ್ಡ ಸುತ್ತಿನೊಳಗೆ ಏನೋ ಗುರುತಿನ ಆಕಾರ ಕಂಡಿತು. ಬಗ್ಗಿ, ಬೆರಳಿಟ್ಟು, ಕೂಡಿಸಿದಳು. ತುಂ. ಗ. ಮ್ಮ. ಸ್ಲೇಟಿನ ಆಚೆ ಅವಳು ಓದಿದ ಮೊದಲ ಕೃತಿ ಇದು. ಸರ್ಕಾರ ಖರ್ಚು ಮಾಡಿದ್ದು ವ್ಯರ್ಥವಾಗಲಿಲ್ಲ. ಪಕ್ಕದ ಸುತ್ತನ್ನೂ ಓದಿದಳು. ಹಾ. ಲ. ಮ್ಮ. ಇಬ್ಬರ ನಡುವೆ ಗೆರೆ.

ಉಪ್ಪು ಮರೆತು ಅವಳು ಗಿರಣಿಗೆ ಹೋದಳು. ಹೀರೆಬಳ್ಳಿ ಯಾರ ಬೇಲಿಗೆ ಹಬ್ಬಬೇಕು ಎಂಬ ವಿಷಯದಲ್ಲಿ ಅವಳಿಗೂ ಹಾಲಮ್ಮನಿಗೂ ಮಾತು ನಿಂತು ಎರಡು ಫಸಲು ಕಳೆದಿತ್ತು. ಅಂಥದ್ದರಲ್ಲಿ ತಮ್ಮಿಬ್ಬರನ್ನು ಒಂದೇ ಗೆರೆಯಲ್ಲಿ ಕಟ್ಟಿದ್ದಾನೆ ಎಂದರೆ ಪರಮಶಿವಪ್ಪನ ಮಗ ಸಾಮಾನ್ಯದವನಲ್ಲ, ಮುಂದಿನದೇನೋ ಕಂಡಿದ್ದಾನೆ ಎಂದು ಅವಳು ಗಿರಣಿಯ ಸದ್ದಿನ ಮೇಲೆ ಕೂಗಿ ಹೇಳಿದಳು. ಹಾಗೆ ಕೂಗಿದ್ದರಿಂದ, ರಾಗಿ ಬೀಸಿಸಲು ಬಂದಿದ್ದ ಹದಿನೈದು ಮನೆಗಳಿಗೂ ಬೇರೆ ಬೇರೆಯಾಗಿ ಹೇಳುವ ತೊಂದರೆ ತಪ್ಪಿತು.

ಸಂಜೆಗೆ ವೀರಬಸಪ್ಪ ಬಂದ. ಅವನ ರೆಪ್ಪೆಯ ಮೇಲೆಲ್ಲ ಹಿಟ್ಟು. ಬಂದವನು ನೇರ ವಿಷಯಕ್ಕೆ ಬರಲಿಲ್ಲ; ಹಿಂದಿನ ವಾರ ಕೆರೆಯಲ್ಲಿ ತಾನು ಹಿಡಿದ ಮೀನಿನ ಬಗ್ಗೆ ಹೇಳಿದ. ಅವನ ಜಾತಿಯಲ್ಲಿ ಮೀನು ತಿನ್ನುವುದಿಲ್ಲ, ಆದ್ದರಿಂದ ಅಷ್ಟು ದೊಡ್ಡ ಮೀನನ್ನು ಮತ್ತೆ ನೀರಿಗೆ ಬಿಟ್ಟಾಗ ಕೆರೆ ಕೋಡಿ ಬಿತ್ತಂತೆ. ಗುರುಪ್ರಕಾಶ ಮೈಯೆಲ್ಲ ಕಿವಿಯಾಗಿ ಕೇಳಿದ.

"ಅದೇನೋ ನಕ್ಷೆ ಗಿಕ್ಷೆ ಮಾಡೀಯಂತಲ್ಲ ಗುರು" ಎಂದ ವೀರಬಸಪ್ಪ ಕೊನೆಗೆ.

ಊರಿನಲ್ಲಿ ತನ್ನ ಬರವಣಿಗೆಯ ಬಗ್ಗೆ ಕೇಳಿದ ಮೊದಲ ಮನುಷ್ಯ. ಗುರುಪ್ರಕಾಶ ನಕ್ಷೆಯ ಸುಕ್ಕನ್ನು ಅಂಗೈಯಿಂದ ಸವರಿದ. "ಇನ್ನೂ ಪೂರ್ತಿ ಆಗಿಲ್ಲ ಅಣ್ಣಾ."

"ನನ್ನನ್ನ ಮೂಲೆಗೆ ಹಾಕೀಯ."

"ನೀವು ಮೂಲೆಯಲ್ಲಿದ್ರೇ ಚಂದ. ನಡುವೆ ಬಂದ್ರೆ ಉಳಿದೋರು ಯಾರೂ ಕಾಣಲ್ಲ. ನಿಮ್ಮದು ಭಾರಿ ಬಲ ಅಣ್ಣಾ. ಅದನ್ನ ಕೊನೆಗೆ ಹೊರಗೆ ತೆಗೀಬೇಕು. ಅದೂ ಸ್ವಲ್ಪ."

ವೀರಬಸಪ್ಪ ಇದನ್ನು ಬಾಯಲ್ಲಿ ಹಾಕಿಕೊಂಡು ಬಹಳ ಹೊತ್ತು ಅಗಿದ. "ನಡುವಿನದು ಯಾರದ್ದು?"

"ಅದು ಖಾಲಿ. ಯಾರ ಹೆಸರು ಬರೆದರೂ ಕೆಡುತ್ತೆ."

"ಹೇಳಲ್ಲ ಅಂತೀಯ."

"ಹೇಳೋಕೆ ಬರಲ್ಲ ಅಣ್ಣಾ. ಹೇಳಿದ್ರೆ ಅದು ಅದಾಗಿ ಉಳಿಯಲ್ಲ."

ವೀರಬಸಪ್ಪ ಎದ್ದು, ಹುಡುಗನ ಎರಡೂ ಕೈ ಹಿಡಿದು, ತಾನು ಜೀವಮಾನದಲ್ಲಿ ಇಂಥ ತಲೆ ನೋಡಿಲ್ಲ ಎಂದು ಹೇಳಿ ಹೋದ. ಹೊರಗೆ ಕಾದಿದ್ದವರಿಗೆ, ಕೊನೇ ದಿನ ತನ್ನನ್ನು ಬ್ರಹ್ಮಾಸ್ತ್ರದಂತೆ ಬಿಡುವುದಾಗಿ ಮಾತಾಗಿದೆ ಎಂದು ತಿಳಿಸಿದ.

ಮರುದಿನ ಗುರುಮಲ್ಲಪ್ಪನವರು ಬಂದರು. ಜಗಲಿಯ ಮೇಲೆ ಕೂತು ನಕ್ಷೆಯನ್ನು ನೋಡಿ "ಹೂಂ" ಎಂದರು. ಹೇಳದೆ ಬಿಡುವ ಕಲೆಯಲ್ಲಿ ಗುರುವಿನಂತಿದ್ದ ಮನುಷ್ಯ ಎದುರಿಗೆ ಕೂತಿರುವಾಗ ತಾನು ಮಾತಾಡುವುದು ಗುರುಪ್ರಕಾಶನಿಗೆ ಉದ್ಧಟತನವಾಗಿ ಕಂಡಿತು. ಅವನೂ "ಹೂಂ" ಎಂದ. ರಾಜೇಶ್ವರಮ್ಮ ಕಾಫಿ ತಂದಿಟ್ಟರು. ಲೋಟ ಖಾಲಿಯಾಯಿತು. ಜಗಲಿಯ ಬಿಸಿಲು ಒಂದು ಕಂಬ ದಾಟಿ ಇನ್ನೊಂದು ಕಂಬಕ್ಕೆ ಬಂತು. ಮತ್ತೊಮ್ಮೆ ಕಾಫಿ ಬಂತು. ಎದುರು ಮನೆಗಳ ಕಿಟಕಿಯಲ್ಲಿ ತಲೆಗಳು ಹೆಚ್ಚಾದವು. ಗುರುಮಲ್ಲಪ್ಪನವರು ಎದ್ದು, ಚಪ್ಪಲಿ ಮೆಟ್ಟಿ, ಖಾಲಿ ಸುತ್ತನ್ನು ಇನ್ನೊಂದು ಸಲ ನೋಡಿ "ಹೂಂ" ಎಂದು ಹೊರಟರು. ಅಷ್ಟು ಹೊತ್ತು ಕೂತು ಏನೂ ಮಾತಾಡಲಿಲ್ಲ ಎಂದರೆ ಎಲ್ಲ ಮಾತೂ ಮುಗಿದಿದೆ ಎಂದು ಬೀದಿ ಅರ್ಥಮಾಡಿಕೊಂಡಿತು.

ಹಾಲಮ್ಮ ಮಾತ್ರ ಸುತ್ತುಬಳಸಿ ಬರುವವಳಲ್ಲ. ಬಾಗಿಲಲ್ಲಿ ನಿಂತು, ಆ ಹೀರೆಬಳ್ಳಿ ಕಳ್ಳಿಯ ಜೊತೆ ತನ್ನನ್ನು ಗೆರೆ ಹಾಕಿ ಕಟ್ಟಿದವನ ಕೈ, ಆ ಕೈ ಹಿಡಿದ ಪೆನ್ನು, ಆ ಪೆನ್ನು ಮಾರಿದ ಅಂಗಡಿ, ಅಂಗಡಿಗೆ ಬಾಡಿಗೆ ಕೊಟ್ಟವನು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈದಳು. ಗುರುಪ್ರಕಾಶ ಕಣ್ಣು ಮುಚ್ಚಿ, ಎಲ್ಲಿ ಅವಳು ಉಸಿರು ತೆಗೆದುಕೊಳ್ಳುತ್ತಾಳೆ ಎಂದು ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ತನ್ನ ಬೈಗುಳವನ್ನು ಕಣ್ಣು ಮುಚ್ಚಿ ಕೇಳುವವನನ್ನು ಹಾಲಮ್ಮ ಮೊದಲ ಸಲ ನೋಡಿದ್ದು. ಅವಳಿಗೆ ಒಂದು ಥರ ಭಯವಾಗಿ, ಮುಂದಿನದನ್ನು ನುಂಗಿಕೊಂಡು, ಸಂಜೆ ಒಂದು ಗಿಂಡಿ ತುಪ್ಪ ಕಳಿಸಿದಳು.

ತುಪ್ಪ ಬಂದದ್ದು ತಿಳಿದು ತುಂಗಮ್ಮ ಹೀರೇಕಾಯಿ ಕಳಿಸಿದಳು. ವೀರಬಸಪ್ಪನ ಮನೆಯಿಂದ ಜೋಳದ ಹಿಟ್ಟು ಬಂತು, ಅವನ ಪ್ರಕಾರ ಒಂದು ಗಾಡಿ, ರಾಜೇಶ್ವರಮ್ಮನ ಪ್ರಕಾರ ಒಂದು ಮೊರ. ಇಷ್ಟಾದ ಮೇಲೆ ತಾಯಿ ಮಗನ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಯಾರ ಕಡೆ ಅಂತ ನಂಗಾದ್ರೂ ಹೇಳೋ. ಯಾರ ತುಪ್ಪ ಇಟ್ಕೊಳ್ಲಿ, ಯಾರದ್ದು ವಾಪಸ್ ಕೊಡ್ಲಿ?"

"ಯಾವ ಕಡೆ ಅಮ್ಮಾ?"

"ಓಟಿಂದು."

ಆಗ ಗುರುಪ್ರಕಾಶನಿಗೆ ಹೊಳೆಯಿತು. ಒಂದೊಂದಾಗಿ ಹೊಳೆಯಿತು: ಮೂಲೆ, ಖಾಲಿ ಸುತ್ತು, ತುಪ್ಪ. ಅವನು ಸರಸರನೆ ಎದ್ದ. ಬೀದಿಗೆ ಹೋಗಿ, ಎಲ್ಲರನ್ನೂ ಕರೆದು, ಇದು ಓಟಿನ ಲೆಕ್ಕವಲ್ಲ, ನಾನು ಬರೆಯುವ ಬಗೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬೇಕು. ಆ ಒಂದು ಮಾತನ್ನು ತೂಗಿಕೊಳ್ಳುತ್ತ ಹೊಸ್ತಿಲಿಗೆ ಬಂದ. ಎದುರಿಗೆ ಪರಮಶಿವಪ್ಪನವರು ಶಿರಾಳಕೊಪ್ಪದಿಂದ ಬರುತ್ತಿದ್ದರು. ಯಾವತ್ತೂ ಮಗನನ್ನು ಕಂಡು ಮುಖ ಗಂಟಿಕ್ಕುವವರು ಅಂದು ನಗುತ್ತಿದ್ದರು. ಮಂಡಿಯಲ್ಲಿ ಮೂರು ಊರಿನವರು ಅವರನ್ನು ಹೋಟೆಲ್ಲಿಗೆ ಕರೆದೊಯ್ದು ಮಂಡಕ್ಕಿ ಮೆಣಸಿನಕಾಯಿ ತಿನ್ನಿಸಿದ್ದರಂತೆ. ಮತ್ತಿಕೊಪ್ಪದಲ್ಲಿ ಎರಡೂ ಪಾರ್ಟಿಯನ್ನು ಕೈಯಲ್ಲಿಟ್ಟುಕೊಂಡವನ ಅಪ್ಪ ನೀವೇ ಏನ್ರೀ ಎಂದು ಕೇಳಿದ್ದರಂತೆ.

"ನೀನು ಸುಮ್ನೆ ಕೂತಿರೋದು ನೋಡಿ, ಏನೂ ಇಲ್ಲದೆ ಕೂತೀಯ ಅಂದ್ಕೊಂಡಿದ್ದೆ ಕಣೋ" ಎಂದು ಪರಮಶಿವಪ್ಪನವರು ಮಗನ ಬೆನ್ನ ಮೇಲೆ ಕೈಯಿಟ್ಟರು. ಆ ಕೈ ಅಲ್ಲಿಗೆ ಬಂದದ್ದು ಏಳನೇ ಕ್ಲಾಸು ಪಾಸಾದ ಮೇಲೆ ಇದೇ ಮೊದಲು. ಹೇಳಬೇಕೆಂದಿದ್ದ ಮಾತು ಗುರುಪ್ರಕಾಶನ ಬಾಯಿಯಿಂದ ಹಿಂದಕ್ಕೆ ತಿರುಗಿ ಹೊಟ್ಟೆಗೆ ಹೋಯಿತು.

ಮಂಡಿಯ ವಿಷಯದಲ್ಲಿ ಮಾತ್ರ ಪರಮಶಿವಪ್ಪನವರು ಸಡಿಲಲಿಲ್ಲ. ಇದು ಬೇರೆ, ಅದು ಬೇರೆ, ಸೋಮವಾರ ಆ ಮೇಷ್ಟ್ರು ಏನಂತಾರೋ ನೋಡೋಣ ಎಂದರು. ಮಾತು ಮಾತೇ.

ಸೋಮವಾರ ಬೆಳಿಗ್ಗೆ ಗುರುಪ್ರಕಾಶ ನಕ್ಷೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಬಸ್ ನಿಲ್ಲುವ ಆಲದ ಮರಕ್ಕೆ ಬಂದ. ಅಲ್ಲಿ ವೀರಬಸಪ್ಪ ನಿಂತಿದ್ದ. ಗಿರಣಿಯ ಬೆಲ್ಟು ಹರಿದಿದೆ, ಶಿಕಾರಿಪುರದಲ್ಲೇ ಸಿಗುವುದು ಎಂದ. ತುಂಗಮ್ಮ ಕಣ್ಣಿನ ಡಾಕ್ಟರಿಗೆ ತೋರಿಸಲು ಹೊರಟಿದ್ದಳು. ಹಾಲಮ್ಮ, ತುಂಗಮ್ಮ ಎಲ್ಲಿಗೆ ಹೋಗುತ್ತಾಳೋ ಅಲ್ಲಿಗೆ ತನಗೂ ಕೆಲಸವಿದೆ ಎಂದಳು. ಗುರುಮಲ್ಲಪ್ಪನವರು "ಹೂಂ" ಎಂದರು. ಪರಮಶಿವಪ್ಪನವರ ಮಗ ನಕ್ಷೆಯನ್ನು ಶಿಕಾರಿಪುರದ ಯಾರೋ ದೊಡ್ಡವರಿಗೆ ಒಪ್ಪಿಸಲು ಹೊರಟಿದ್ದಾನೆ, ಊರಿನ ಮನೆ ಲೆಕ್ಕ ಹೊರಗಿನವರ ಕೈಗೆ ಹೋಗುತ್ತದೆ ಎಂದು ಭಾನುವಾರವೇ ಗಿರಣಿಯಲ್ಲಿ ತೀರ್ಮಾನವಾಗಿತ್ತು. ಈ ಒಂದು ಭಯದಲ್ಲಿ ಎರಡೂ ಪಾರ್ಟಿ ಒಂದೇ ಸೀಟಿನಲ್ಲಿ ಕೂತು ಬಂದವು.

ಕಲ್ಯಾಣ ಮಂಟಪದಲ್ಲಿ ನಾಲ್ವರೂ ಹಿಂದಿನ ಸಾಲಿನ ಕುರ್ಚಿ ಹಿಡಿದರು. ಶಿಬಿರಕ್ಕೆ ಬಂದ ಹೊಸ ಕಲಿಕೆಯವರು ಇರಬೇಕೆಂದು ಯಾರೋ ಅವರಿಗೆ ಉಪ್ಪಿಟ್ಟು ಕೊಟ್ಟರು. ಮುಂದೆ ತ್ರಿಕೋನಗಳು ಒಂದರ ಮೇಲೊಂದು ಬಂದು ಹೋಗುತ್ತಿದ್ದವು. ಪ್ರತಿಭೆಯಿಂದ ಸ್ಫೂರ್ತಿ, ಸ್ಫೂರ್ತಿಯಿಂದ ಸಮಾಜ. ಮಹಾಂತೇಶ್ ಮೇಷ್ಟ್ರು ಆಕಳಿಕೆಯನ್ನು ಕನ್ನಡಕ ಒರೆಸುವುದರಲ್ಲಿ ಅಡಗಿಸುತ್ತ, "ಗುರುಪ್ರಕಾಶ್, ನಿಮ್ಮದು" ಎಂದರು.

ಗುರುಪ್ರಕಾಶ ಎದ್ದು ನಿಂತ. ಹಿಂದೆ ತಿರುಗಿ ನೋಡಿದ. ನಾಲ್ಕು ಜೊತೆ ಕಣ್ಣು ಅವನ ಕಂಕುಳ ಮೇಲಿದ್ದವು. ಈಗ ನಕ್ಷೆ ಬಿಡಿಸಿ ವಿವರಿಸಿದರೆ, ತನ್ನನ್ನು ಉತ್ಪ್ರೇಕ್ಷೆಯ ಮಾದರಿ ಮಾಡಿದ್ದು ವೀರಬಸಪ್ಪನಿಗೆ, ಬೈಗುಳದ ಮಾದರಿ ಮಾಡಿದ್ದು ಹಾಲಮ್ಮನಿಗೆ ತಿಳಿಯುತ್ತದೆ. ಸಂಜೆಯೊಳಗೆ ಊರಿಗೆ, ಊರಿನಿಂದ ಮಂಡಿಗೆ. ಬೆನ್ನ ಮೇಲಿನ ಅಪ್ಪನ ಕೈ ಹಿಂದಕ್ಕೆ ಹೋಗುತ್ತದೆ. ವಿವರಿಸದಿದ್ದರೆ ಮಂಡಿಯ ಮೆಣಸಿನಕಾಯಿ. ಅವನು ಎರಡನ್ನೂ ತೂಗತೊಡಗಿದ. ಫ್ಯಾನು ತಿರುಗುತ್ತಿತ್ತು.

"ಬಿಡಿಸ್ರಿ, ಸಂಕೋಚ ಬೇಡ" ಎಂದು ಮೇಷ್ಟ್ರು ತಾವೇ ಬಂದು ನಕ್ಷೆಗೆ ಕೈ ಹಾಕಿದರು.

"ಸ್ವಾಮಿ, ಅದನ್ನ ಇಲ್ಲಿ ಬಿಚ್ಚಬಾರದು" ಎಂದು ಹಿಂದಿನ ಸಾಲಿನಿಂದ ವೀರಬಸಪ್ಪ ಎದ್ದ. ಗಿರಣಿಯ ಸದ್ದಿನಲ್ಲಿ ಬೆಳೆದ ಗಂಟಲು. ಕಂಬದ ಮೇಲಿನ ಪಾರಿವಾಳಗಳು ಹಾರಿದವು.

"ಯಾಕೆ? ನೀವು ಯಾರು?"

ಆಗ ಗುರುಪ್ರಕಾಶ, ಹುಟ್ಟಿದ ಮೇಲೆ ಮೊದಲ ಬಾರಿಗೆ, ತೂಗದೆ ಒಂದು ಮಾತಾಡಿದ.

"ಇವರೇ ಸರ್. ಈ ನಕ್ಷೆಯಲ್ಲಿ ನನ್ನದು ಅಂತ ಏನೂ ಇಲ್ಲ. ಎಲ್ಲಾ ಇವರದೇ."

ಮೇಷ್ಟ್ರು ನಕ್ಷೆಯನ್ನು ಬಿಟ್ಟು, ಹಿಂದಿನ ಸಾಲನ್ನು ನೋಡಿ, ಹಾಗಾದರೆ ಅವರೇ ಮಾತಾಡಲಿ ಎಂದು ನಾಲ್ವರನ್ನೂ ಮುಂದಕ್ಕೆ ಕರೆದರು.

ಎದುರಿಗೆ ಜನ, ಕೈಗೆ ಮೈಕು, ಚುನಾವಣೆಯ ತಿಂಗಳು. ವೀರಬಸಪ್ಪನಿಗೆ ಇದು ಏನು ಸಭೆ ಎಂದು ಕೇಳುವ ಅಗತ್ಯ ಕಾಣಲಿಲ್ಲ. ತಾನು ಗೆದ್ದರೆ ಮತ್ತಿಕೊಪ್ಪದ ಬೀದಿಗೆ ಹಾಕಿಸುವ ದೀಪದ ಬೆಳಕಿಗೆ ಚಂದ್ರಗುತ್ತಿ ಬೆಟ್ಟದ ಮೇಲೆ ಕೂತವರು ಅಕ್ಕಿ ಆರಿಸಬಹುದು ಎಂದ. ಜನ ನಕ್ಕರು. ಹಾಲಮ್ಮ ಮೈಕನ್ನು ಅವನ ಕೈಯಿಂದ ಕಿತ್ತುಕೊಂಡು, ಹೋದ ಸಲ ಇವನು ಸೊಸೈಟಿಗೆ ನಿಂತಾಗ ತೋಡಿಸುತ್ತೇನೆಂದ ಬಾವಿಯಿಂದ ಶುರುಮಾಡಿ, ಆ ಬಾವಿಯ ಹಗ್ಗ, ಕೊಡ, ಕೊಡ ಹಿಡಿಯಬೇಕಾಗಿದ್ದ ಸೊಂಟ ಎಂದು ಉಸಿರು ಬಿಡದೆ ಹೋದಳು. ಶಿಬಿರಾರ್ಥಿಗಳು ಒಬ್ಬೊಬ್ಬರಾಗಿ ಪೆನ್ನು ತೆಗೆದರು. ಗುರುಮಲ್ಲಪ್ಪನವರು ಮೈಕಿನ ಹತ್ತಿರ ಬಂದು, ಎಲ್ಲರನ್ನೂ ನೋಡಿ, "ಹೂಂ" ಎಂದರು. ಧ್ವನಿವರ್ಧಕದಲ್ಲಿ ಅದು ಬಹಳ ಅರ್ಥವುಳ್ಳದ್ದಾಗಿ ಕೇಳಿಸಿತು.

ತುಂಗಮ್ಮನಿಗೆ ಭಾಷಣ ಬರುತ್ತಿರಲಿಲ್ಲ. ಅವಳು ಒಂದು ಕಥೆ ಹೇಳಿದಳು. ಒಬ್ಬಳ ಗಂಡ ಮದುವೆಯಾದಾಗಿನಿಂದ ಅವಳ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಉಣ್ಣುವಾಗ ಇಲ್ಲ, ಉಳುವಾಗ ಇಲ್ಲ. ಅವಳು ಚಂದ್ರಗುತ್ತಿಯ ಬೆಟ್ಟ ಹತ್ತಿ, ಅಮ್ಮನ ಮುಂದೆ ನಿಂತು, ಚಿನ್ನ ಬೇಡ, ಚಿಗುರು ಬೇಡ, ಅವನ ಬಾಯಿಂದ ಒಂದೇ ಒಂದು ಮಾತು ಕೊಡಿಸು ತಾಯಿ ಎಂದು ಹರಕೆ ಹೊತ್ತಳು. ಇಳಿದು ಮನೆಗೆ ಬಂದರೆ ಗಂಡ ಬಾಗಿಲಲ್ಲೇ ನಿಂತಿದ್ದಾನೆ. ಇವಳನ್ನು ನೋಡಿದ. ಬಾಯಿ ತೆರೆದ.

ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಎಮ್ಮೆಗೆ ಹೊತ್ತಾಯಿತು, ಹೋಗಬೇಕು ಎಂದು ತುಂಗಮ್ಮ ಮೈಕನ್ನು ಮೇಷ್ಟ್ರ ಕೈಯಲ್ಲಿಟ್ಟಳು.

"ಏನಂದ ಅಮ್ಮಾ, ಅವನು ಏನಂದ?" ಎಂದು ಮಹಾಂತೇಶ್ ಮೇಷ್ಟ್ರು ಮೆಟ್ಟಿಲಿನವರೆಗೂ ಅವಳ ಹಿಂದೆ ಬಂದರು.

"ಬಂದಾಗ ಹೇಳ್ತೀನಿ ತಗಳ್ರಿ" ಎಂದು ಅವಳು ಬಸ್ ಹತ್ತಿದಳು. ಉಳಿದ ಮೂವರೂ ಅವಳ ಹಿಂದೆಯೇ ಹತ್ತಿದರು.

ಮೇಷ್ಟ್ರು ಧೂಳಿನಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಒಳಗೆ ಬಂದು, ಮೊದಲ ಪುಸ್ತಕ ಇದೇ, ಎಲ್ಲಿಗೆ ನಿಂತಿತೋ ಅಲ್ಲಿಗೇ ನಿಲ್ಲಿಸಿ ಬರೆಯಬೇಕು, ಬರೆಯುವವರು ಗುರುಪ್ರಕಾಶ್ ಎಂದರು. ನಕ್ಷೆಯನ್ನು ಅವರು ನೋಡಲೇ ಇಲ್ಲ. ನೋಡಿದ್ದರೆ ಅಂಕ ಕಡಿಮೆಯಾಗುತ್ತಿತ್ತೋ ಏನೋ. ಗೆರೆಗಳು ಅಲ್ಲಲ್ಲಿ ಸೊಟ್ಟಗಿದ್ದವು.

ಅತ್ತ ಬಸ್ಸಿನಲ್ಲಿ ಮತ್ತಿಕೊಪ್ಪದ ರಾಜಕೀಯ ಬದಲಾಯಿತು. ಅಷ್ಟು ಜನ ತಿಳಿದವರ ಎದುರಿಗೆ, ಕೈಯಲ್ಲಿ ಊರಿನ ಲೆಕ್ಕವೆಲ್ಲ ಇಟ್ಟುಕೊಂಡು, ನನ್ನದು ಏನೂ ಇಲ್ಲ ಎಲ್ಲಾ ಇವರದೇ ಎಂದವನು ಇವನೊಬ್ಬನೇ. ವೀರಬಸಪ್ಪ ಗೆದ್ದರೆ ಗುರುಮಲ್ಲಪ್ಪನವರಿಗೆ ನಿದ್ದೆ ಬರುವುದಿಲ್ಲ, ಗುರುಮಲ್ಲಪ್ಪನವರು ಗೆದ್ದರೆ ವೀರಬಸಪ್ಪನಿಗೆ. ಈ ಹುಡುಗ ಗೆದ್ದರೆ ಇಬ್ಬರಿಗೂ ಬರುತ್ತದೆ. ಶಿರಾಳಕೊಪ್ಪ ಬರುವಷ್ಟರಲ್ಲಿ ವೀರಬಸಪ್ಪ, ತಾನು ಊರಿಗಾಗಿ ಹತ್ತು ಸಾವಿರ ಓಟು ತ್ಯಾಗ ಮಾಡುತ್ತಿರುವುದಾಗಿ ಘೋಷಿಸಿದ. ಆ ಬೀದಿಯಲ್ಲಿದ್ದದ್ದು ಮುನ್ನೂರು ಚಿಲ್ಲರೆ. ಗುರುಮಲ್ಲಪ್ಪನವರು "ಹೂಂ" ಎಂದರು. ಈ ಬಾರಿ ಎಲ್ಲರಿಗೂ ಅರ್ಥವಾಯಿತು.

ಗುರುಪ್ರಕಾಶ ಅವಿರೋಧವಾಗಿ ಆಯ್ಕೆಯಾದ. ನಾಮಪತ್ರದ ಮೇಲೆ ಸಹಿ ಹಾಕಬೇಕೋ ಬೇಡವೋ ಎಂದು ಅವನು ಯೋಚಿಸುತ್ತಿದ್ದಾಗ, ತಡವಾಗುತ್ತದೆ ಎಂದು ವೀರಬಸಪ್ಪ ಅವನ ಕೈ ಹಿಡಿದು ನಡೆಸಿದ ಎಂದು ಹೇಳುವವರಿದ್ದಾರೆ. ಮೇಷ್ಟ್ರ ಮಾತು ಶಿಕಾರಿಪುರದಿಂದ ಮಂಡಿಗೂ ಮುಟ್ಟಿತು. ಪರಮಶಿವಪ್ಪನವರು ಮಾತಿಗೆ ತಪ್ಪಲಿಲ್ಲ. ಗಾದಿಯ ಮೇಲೆ ಅಕ್ಕನ ಮಗನನ್ನು ಕೂರಿಸಿದರು. ಮಗ ಮೆಂಬರು ಎಂದು ಒಬ್ಬ ಗಿರಾಕಿಗೆ, ಮಗ ಪುಸ್ತಕ ಬರೆಯುತ್ತಾನೆ ಎಂದು ಇನ್ನೊಬ್ಬನಿಗೆ, ಅವರವರ ಮುಖ ನೋಡಿ ಹೇಳುತ್ತಿದ್ದರು.

ಬೇಸಿಗೆಗೆ ಪುಸ್ತಕ ಬಂತು. ಹದಿನಾರು ಪುಟ, ದಪ್ಪ ಅಕ್ಷರ. ತುಂಗಮ್ಮ ಪರಮಶಿವಪ್ಪನವರ ಜಗಲಿಯ ಮೇಲೆ ಕೂತು, ಹಾಲಮ್ಮನೂ ಸೇರಿ ಅರ್ಧ ಬೀದಿ ಕೇಳುತ್ತಿರುವಾಗ, ಬೆರಳಿಟ್ಟು ಓದಿದಳು. ಒಂದು ಮಧ್ಯಾಹ್ನವೇ ಹಿಡಿಯಿತು. ಬಾ. ಯಿ. ತೆ. ರೆ. ದ. ಮುಂದೆ ಹಾಳೆ ಇರಲಿಲ್ಲ. ಆಮೇಲೆ ಏನಾಯಿತು ಎಂದು ಹಾಲಮ್ಮ ತಡೆಯಲಾರದೆ ಕೇಳಿದಳು. ಹೀರೆಬಳ್ಳಿಯ ನಂತರ ಅವಳು ತುಂಗಮ್ಮನ ಹತ್ತಿರ ಆಡಿದ ಮೊದಲ ಮಾತು ಅದು. ನನಗೇನು ಗೊತ್ತು, ಬರೆದವನನ್ನು ಕೇಳು ಎಂದಳು ತುಂಗಮ್ಮ.

ಎಲ್ಲರೂ ಎದ್ದು ಹೋದ ಮೇಲೆ ಅವಳು ಗುರುಪ್ರಕಾಶನ ಪಕ್ಕಕ್ಕೆ ಸರಿದು ಕೂತಳು.

"ಒಂದು ಕೇಳ್ಲಾ ತಮ್ಮಾ. ಆ ನಕ್ಷೆಯಾಗೆ ನನ್ನ ಸುತ್ತು ಎಲ್ಲರಿಗಿಂತ ದೊಡ್ಡದು ಮಾಡಿದ್ದೆ. ನಮ್ಮನೆ ಓಟು ಜಾಸ್ತಿ ಅಂತ ತಾನೆ?"

ಗುರುಪ್ರಕಾಶ ಉತ್ತರವನ್ನು ತೂಗತೊಡಗಿದ. ತುಂಗಮ್ಮ ಸ್ವಲ್ಪ ಹೊತ್ತು ಕಾದಳು. ಹೊಳೆ ಕಡೆಯಿಂದ ಎಮ್ಮೆಗಳು ಬರುತ್ತಿದ್ದವು. ಅವಳು ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು, ಕಟ್ಟಿ ಬರ್ತೀನಿ ಎಂದು ಎದ್ದು ಹೋದಳು.

ಬರೆಯುವುದನ್ನು ತಾನು ಕಲಿತದ್ದು ಅವಳಿಂದ ಎಂದು ಗುರುಪ್ರಕಾಶ ಅವಳಿಗೆ ಯಾವತ್ತೂ ಹೇಳಲಿಲ್ಲ.